ಮುದ್ರೆಯ ಬಣ್ಣಕ್ಕೆ ನಿಂತ ಲಾರಿ: ಬ್ರಿಟನ್ ಯೂರೋಪಿಗೆ ಮರಳಬೇಕೇ?

ಫೋನ್ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಲಾರಿ ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ ನಿಂತುಬಿಟ್ಟಿದೆ ಎಂದರು ಡ್ರೈವರ್. ಒಳಗೆ ಒಂಬತ್ತು ಜನರ ಸರಕು. ಎಂಟು ಜನರ ಕಾಗದಪತ್ರ ಸರಿಯಾಗಿತ್ತು. ಒಂಬತ್ತನೆಯವರು ಒಬ್ಬ ಸಣ್ಣ ಚೀಸ್ ತಯಾರಕರು. ಅವರದು ಎರಡೇ ಪ್ಯಾಲೆಟ್, ಅಂದರೆ ಸರಕು ಪೇರಿಸುವ ಎರಡು ಹಲಗೆಯಷ್ಟು. ಅದರ ಜೊತೆಗಿದ್ದ ಆರೋಗ್ಯ ಪ್ರಮಾಣಪತ್ರ ಕಪ್ಪು ಶಾಯಿಯಲ್ಲಿ ಅಚ್ಚಾಗಿತ್ತು. ಪಶುವೈದ್ಯರು ಒತ್ತಿದ ಮುದ್ರೆಯೂ ಕಪ್ಪು. ಮುದ್ರೆಯ ಬಣ್ಣ ಅಚ್ಚಿನ ಬಣ್ಣಕ್ಕಿಂತ ಬೇರೆ ಇರಬೇಕು ಎನ್ನುವುದು ನಿಯಮ. ಅಷ್ಟಕ್ಕೇ ಒಂಬತ್ತು ಜನರ ಸರಕು ಬೆಳಗಿನವರೆಗೆ ಕಾಯಿತು.

ಫ್ರೆಂಚ್ ಅಧಿಕಾರಿ ತಪ್ಪು ಮಾಡಲಿಲ್ಲ. ಹೊರಗಿನ ಯಾವ ದೇಶದಿಂದ ಹಾಲಿನ ಪದಾರ್ಥ ಬಂದರೂ ಅವರು ನೋಡುವುದು ಹೀಗೆಯೇ. 27 ದೇಶಗಳ ಕೂಟವಾದ ಯೂರೋಪಿಯನ್ ಯೂನಿಯನ್ ಬಿಟ್ಟ ಮೇಲೆ ಬ್ರಿಟನ್ ಈಗ ಅವರಿಗೆ ಹೊರಗಿನ ದೇಶ.

ನಾನು ಇಂಗ್ಲೆಂಡಿನ ಕೆಂಟ್ ಭಾಗದಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ ಮಾಡುತ್ತೇನೆ. 2020ರ ಡಿಸೆಂಬರ್ 31ರವರೆಗೆ ಇಲ್ಲಿಂದ ಪ್ಯಾರಿಸ್‌ಗೆ ಚೀಸ್ ಕಳಿಸುವುದು ಈಗ ಬೆಂಗಳೂರಿನಿಂದ ಹೊಸೂರಿಗೆ ಕಳಿಸಿದಷ್ಟೇ ಸಲೀಸಾಗಿತ್ತು. ಒಂದು ಇನ್‌ವಾಯ್ಸ್ ಇದ್ದರೆ ಸಾಕು, ಲಾರಿ ಹೊರಡುತ್ತಿತ್ತು. ಈಗ ರಫ್ತಿನ ಡಿಕ್ಲರೇಷನ್, ಆ ಕಡೆಯ ಆಮದಿನ ಡಿಕ್ಲರೇಷನ್, ಪಶುವೈದ್ಯರ ಪ್ರಮಾಣಪತ್ರ, ಅದರದೇ ಫ್ರೆಂಚ್ ಪ್ರತಿ, ಮುಂಗಡ ನೋಟಿಸ್, ಆಮೇಲೆ ತಪಾಸಣೆ. ನೂರು ಪ್ಯಾಲೆಟ್ ಕಳಿಸುವ ದೊಡ್ಡ ಕಂಪನಿಗೆ ಈ ಖರ್ಚು ಹಂಚಿಹೋಗುತ್ತದೆ. ಎರಡು ಪ್ಯಾಲೆಟ್ ಕಳಿಸುವವರ ಲಾಭವನ್ನೆಲ್ಲ ಅದೇ ನುಂಗುತ್ತದೆ.

ಊರಿಗೆ ಹೋದಾಗ, ಇಲ್ಲಿ ಇಂಗ್ಲೆಂಡಿನ ಕನ್ನಡದ ಗೆಳೆಯರ ಮನೆಯಲ್ಲಿ ಊಟಕ್ಕೆ ಕೂತಾಗ, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. "ಬ್ರಿಟನ್ ವಾಪಸ್ ಸೇರಿಕೊಳ್ಳಬೇಕಾ?" ಸೇರಬೇಕು ಅನ್ನುವುದೇ ನನ್ನ ಉತ್ತರ. ಆದರೆ ವಾಪಸ್ ಹೋಗಲು ಬಾಗಿಲು ಒಂದಲ್ಲ. ತಪ್ಪು ಬಾಗಿಲಿನಿಂದ ಹೋದರೆ ಕ್ಯಾಲೆಯ ಲಾರಿ ನಿಂತಲ್ಲೇ ನಿಂತಿರುತ್ತದೆ.

ಮೊದಲು ಸುಂಕದ ವಿಷಯ ತೆಗೆದುಕೊಳ್ಳೋಣ. ಬಿಟ್ಟು ಹೋದ ಮೇಲೂ ಬ್ರಿಟನ್ ಮತ್ತು ಯೂರೋಪಿಯನ್ ಯೂನಿಯನ್ ನಡುವೆ ಶೂನ್ಯ ಸುಂಕದ ಒಪ್ಪಂದ ಇದೆ. ಹಾಗಾದರೆ ತೊಂದರೆ ಏನು? ಆ ಶೂನ್ಯ ಸಿಗುವುದು ಬ್ರಿಟನ್ನಿನಲ್ಲೋ ಯೂರೋಪಿನಲ್ಲೋ ತಯಾರಾದ ಮಾಲಿಗೆ ಮಾತ್ರ. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿದ ಶರ್ಟುಗಳು ಇಂಗ್ಲೆಂಡಿನ ಒಂದು ಗೋದಾಮಿಗೆ ಬಂದವು ಅಂದುಕೊಳ್ಳಿ. ಇಲ್ಲಿ ಸುಂಕ ಕಟ್ಟಿ ಬಿಡಿಸಿಕೊಂಡಾಯಿತು. ಮರುವಾರ ಡಬ್ಲಿನ್ ಅಂಗಡಿಯಿಂದ ಇನ್ನೂರು ಶರ್ಟಿಗೆ ಆರ್ಡರ್ ಬರುತ್ತದೆ. ಮೊದಲಾಗಿದ್ದರೆ ಅದೇ ದಿನ ಕಳಿಸುತ್ತಿದ್ದರು. ಈಗ ಅದು ಭಾರತದ ಮಾಲು, ಬ್ರಿಟಿಷ್ ಮಾಲಲ್ಲ. ಐರ್ಲೆಂಡ್ ಯೂನಿಯನ್ನಿನ ಸದಸ್ಯ ದೇಶ. ಅಲ್ಲಿ ಮತ್ತೆ ಸುಂಕ, ಬಟ್ಟೆಗೆ ಸಾಮಾನ್ಯವಾಗಿ 12%. ಒಂದೇ ಶರ್ಟಿಗೆ ಎರಡು ಸಲ! ಸುಂಕ ಕಟ್ಟುವ ಮೊದಲೇ ಮಾಲು ಇಡಬಹುದಾದ ಬಾಂಡೆಡ್ ಗೋದಾಮಿನಲ್ಲಿ ಇಟ್ಟು ಇದನ್ನು ತಪ್ಪಿಸಬಹುದು, ಆದರೆ ಅದಕ್ಕೂ ಲೈಸೆನ್ಸು, ಲೆಕ್ಕ, ಖರ್ಚು ಇದೆ. ಹಾಗಾಗಿ ನನ್ನ ಗಿರಾಕಿಗಳಲ್ಲಿ ಕೆಲವರು ಯೂರೋಪಿನ ಪಾಲನ್ನು ನೇರವಾಗಿ ರಾಟರ್‌ಡ್ಯಾಮ್‌ನಲ್ಲೇ ಇಳಿಸಿಕೊಳ್ಳುತ್ತಾರೆ. ಇಲ್ಲಿನ ಗೋದಾಮಿನವರ ಕೈಯಿಂದ ಅಷ್ಟು ಕೆಲಸ ಹೋಯಿತು.

"ಹಾಗಾದರೆ ಕಸ್ಟಮ್ಸ್ ಯೂನಿಯನ್ ಒಂದನ್ನೇ ಸೇರಿಬಿಡಿ" ಎಂದು ಈಚೆಗೆ ಹಲವರು ಹೇಳುತ್ತಿದ್ದಾರೆ. ಅಂದರೆ ಒಳಗಿನವರ ನಡುವೆ ಸುಂಕ ಇಲ್ಲದ, ಹೊರಗಿನ ಮಾಲಿಗೆ ಎಲ್ಲರೂ ಒಂದೇ ಸುಂಕ ಹಾಕುವ ಕೂಟ. ಕೇಳಲು ಸುಲಭ ಅನಿಸುತ್ತದೆ. ಶರ್ಟಿನ ಸಮಸ್ಯೆ ಅದರಿಂದ ಬಗೆಹರಿಯುತ್ತದೆ, ನಿಜ. ಚೀಸಿನ ಸಮಸ್ಯೆ ಬಗೆಹರಿಯುವುದಿಲ್ಲ. ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟ್ ಎದ್ದುಹೋದ ಮೇಲೂ ಅತ್ತಿಬೆಲೆಯಲ್ಲಿ ಆರ್‌ಟಿಒ ಚೆಕ್‌ಪೋಸ್ಟ್ ಉಳಿದಿತ್ತಲ್ವಾ? ಹಾಗೆ. ಸುಂಕ ಕೇಳುವವರು ಹೋಗುತ್ತಾರೆ, ಆರೋಗ್ಯ ಮತ್ತು ಗುಣಮಟ್ಟದ ಕಾಗದ ಕೇಳುವವರು ಉಳಿಯುತ್ತಾರೆ.

ಟರ್ಕಿಯನ್ನು ನೋಡಿ. 1995ರ ಕೊನೆಯ ದಿನದಿಂದ ಅದು ಯೂರೋಪಿನ ಜೊತೆ ಕಸ್ಟಮ್ಸ್ ಯೂನಿಯನ್ನಿನಲ್ಲಿದೆ, ಮುಖ್ಯವಾಗಿ ಕೈಗಾರಿಕಾ ಸರಕಿಗೆ. ಆದರೂ ಬಲ್ಗೇರಿಯಾ ಗಡಿಯ ಕಪಿಕುಲೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಇನ್ನೂ ದೊಡ್ಡ ತೊಡಕು ಬೇರೆ ಇದೆ. ಯೂನಿಯನ್ ಹೊಸ ದೇಶದ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡರೆ, ಟರ್ಕಿ ತನ್ನ ಸುಂಕವನ್ನೂ ಅದಕ್ಕೆ ಹೊಂದಿಸಿಕೊಳ್ಳಬೇಕು. ಆ ಹೊಸ ದೇಶ ಮಾತ್ರ ಟರ್ಕಿಯ ಸರಕಿಗೆ ತನ್ನ ಸುಂಕ ಇಳಿಸಬೇಕೆಂದೇನೂ ಇಲ್ಲ. ಮಾತುಕತೆಯ ಮೇಜಿನಲ್ಲಿ ಟರ್ಕಿಗೆ ಕುರ್ಚಿಯೂ ಇಲ್ಲ. ಬ್ರಿಟನ್ನಿಗೆ ಈ ದಾರಿ ಬೇಡವೇ ಬೇಡ.

ನಾರ್ವೆಯದು ಇದರ ತದ್ವಿರುದ್ಧ. ಸರಕಿನ ಗುಣಮಟ್ಟಕ್ಕೆ ಎಲ್ಲ ದೇಶಗಳಲ್ಲೂ ಒಂದೇ ನಿಯಮ ಇರುವ ಯೂರೋಪಿನ "ಏಕ ಮಾರುಕಟ್ಟೆ"ಯ ಒಳಗೆ ಅದಿದೆ, ಕಸ್ಟಮ್ಸ್ ಯೂನಿಯನ್ನಿನ ಹೊರಗಿದೆ. ಸ್ವೀಡನ್ ಗಡಿಯಲ್ಲಿ ಕಸ್ಟಮ್ಸ್ ಇದ್ದೇ ಇದೆ. ಅಂದರೆ ಗಡಿಯೇ ಇಲ್ಲದ ಹಾಗೆ ಲಾರಿ ಓಡಬೇಕಾದರೆ ಎರಡೂ ಬೇಕು.

ಇದೆಲ್ಲದರ ಲೆಕ್ಕ ಎಷ್ಟು? ಬ್ರಿಟನ್ ಸರ್ಕಾರದ್ದೇ ಆದ ಸ್ವತಂತ್ರ ಬಜೆಟ್ ಸಂಸ್ಥೆ ಒಬಿಆರ್‌ನ ಅಂದಾಜಿನ ಪ್ರಕಾರ, ಯೂನಿಯನ್ನಿನೊಳಗೆ ಉಳಿದಿದ್ದರೆ ಇರುತ್ತಿದ್ದುದಕ್ಕೆ ಹೋಲಿಸಿದರೆ ದೇಶದ ಉತ್ಪಾದಕತೆ ಕಾಲಕ್ರಮೇಣ 4% ಕಡಿಮೆಯಾಗುತ್ತದೆ. ಹೊರಗೆ ಬಂದ ಮೇಲೆ ಗಳಿಸಿದ್ದನ್ನೂ ನೋಡಬೇಕು. 2024ರ ಡಿಸೆಂಬರ್‌ನಲ್ಲಿ ಬ್ರಿಟನ್ ಸೇರಿದ ಪೆಸಿಫಿಕ್ ದೇಶಗಳ ಕೂಟ ಸಿಪಿಟಿಪಿಪಿಯಿಂದ ದೀರ್ಘಕಾಲದಲ್ಲಿ ಜಿಡಿಪಿಗೆ ಸುಮಾರು 0.06%. 2025ರ ಜುಲೈ 24ರಂದು ಸಹಿಯಾದ ಭಾರತದ ಒಪ್ಪಂದದಿಂದ ಸುಮಾರು 0.1%. ಎರಡೂ ಸರ್ಕಾರದ್ದೇ ಅಂದಾಜು. ಭಾರತದ ಒಪ್ಪಂದ ಆದಾಗ ನನಗೆ ತುಂಬಾ ಖುಷಿಯಾಗಿತ್ತು. ನಮ್ಮೂರಿನ ಬಟ್ಟೆಯ ಮೇಲಿನ ಸುಂಕ ಹೋದರೆ ಯಾರಿಗೆ ಬೇಡ? ಆದರೆ ಕಸ್ಟಮ್ಸ್ ಯೂನಿಯನ್ ಸೇರಿದ ದಿನ ಬ್ರಿಟನ್ ತನ್ನದೇ ಸುಂಕ ಇಟ್ಟುಕೊಳ್ಳುವ ಹಾಗಿಲ್ಲ, ಈ ಒಪ್ಪಂದವೂ ಹೀಗೇ ಉಳಿಯುವುದಿಲ್ಲ. ಅದನ್ನು ಮುಚ್ಚಿಟ್ಟು "ವಾಪಸ್ ಸೇರೋಣ" ಅನ್ನುವುದು ಸರಿಯಲ್ಲ. ಅದು ಹೋದರೂ ಪರವಾಗಿಲ್ಲ ಎಂದೇ ನಾನು ಹೇಳುತ್ತೇನೆ. ಬ್ರಿಟನ್ನಿನ ರಫ್ತಿನಲ್ಲಿ ಸುಮಾರು 40% ಹೋಗುವುದು ಯೂರೋಪಿಗೇ.

ಪೂರ್ತಿ ಸದಸ್ಯತ್ವಕ್ಕೆ ಬೆಲೆ ಜಾಸ್ತಿ ಇದೆ. ಹಳೆಯ ರಿಯಾಯಿತಿಗಳು ಹೋದವು ಎಂದೇ ತಿಳಿಯಬೇಕು. 1984ರಲ್ಲಿ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಹಟ ಹಿಡಿದು ಪಡೆದ ಚಂದಾ ವಿನಾಯಿತಿ ಮತ್ತೆ ಸಿಗಲಿಕ್ಕಿಲ್ಲ. ಹೊಸದಾಗಿ ಸೇರುವವರು ಯೂರೋ ನಾಣ್ಯಕ್ಕೂ ತಾತ್ವಿಕವಾಗಿ ಒಪ್ಪಬೇಕು. 1995ರಲ್ಲಿ ಸೇರಿದ ಸ್ವೀಡನ್ ಇನ್ನೂ ತನ್ನ ಕ್ರೋನಾವನ್ನೇ ಬಳಸುತ್ತಿದೆ, ಹಾಗಾಗಿ ಇದು ನಾಳೆಯೇ ಬರುವ ಕಷ್ಟವಲ್ಲ. ಯೂರೋಪಿನ ಜನ ಬಂದು ನೆಲೆಸುವ ಹಕ್ಕೂ ಮರಳುತ್ತದೆ. 2016ರಲ್ಲಿ 51.9% ಜನ ಹೊರಹೋಗಲು ಮತ ಹಾಕಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಇಷ್ಟಕ್ಕೆಲ್ಲ ಒಪ್ಪಿದರೂ 27 ದೇಶಗಳೂ ಹೂಂ ಅನ್ನಬೇಕು. 1963ರಲ್ಲಿ, ಮತ್ತೆ 1967ರಲ್ಲಿ, ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಒಬ್ಬರೇ ಬೇಡ ಎಂದು ಬ್ರಿಟನ್ನನ್ನು ಹೊರಗಿಟ್ಟಿದ್ದರು. ಇವತ್ತು ಸೇರಿ ಮುಂದಿನ ಚುನಾವಣೆಯಲ್ಲಿ ಮತ್ತೆ ಬಿಡುವ ದೇಶ ಯಾರಿಗೂ ಬೇಡ. ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಿಟ್ಟದ್ದು ತಪ್ಪು ಅನ್ನುತ್ತಾರೆ, ಆದರೆ ದೊಡ್ಡ ಪಕ್ಷಗಳು ಒಂದೇ ಮಾತಿಗೆ ಬರುವವರೆಗೆ ಬ್ರಸೆಲ್ಸ್‌ನಲ್ಲಿರುವ ಯೂನಿಯನ್ನಿನ ಆಡಳಿತ ನಂಬುವುದಿಲ್ಲ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. 2025ರ ಮೇ 19ರಂದು ಲಂಡನ್ನಿನಲ್ಲಿ ಎರಡೂ ಕಡೆಯವರು ಆಹಾರ ಪದಾರ್ಥಗಳಿಗೆ ಒಂದೇ ನಿಯಮ ತರುವ ಕೆಲಸಕ್ಕೆ ಒಪ್ಪಿದರು. ಗುರಿ 2027. ಅದು ಜಾರಿಯಾದರೆ ಆ ಪಶುವೈದ್ಯರ ಪ್ರಮಾಣಪತ್ರವೇ ಬಹುತೇಕ ಬೇಡ. ಪ್ರತಿಯಾಗಿ ಯೂರೋಪಿನ ಆಹಾರ ನಿಯಮ ಬದಲಾದಂತೆ ಬ್ರಿಟನ್ನೂ ಬದಲಿಸಿಕೊಳ್ಳಬೇಕು, ಅವುಗಳ ಮೇಲೆ ಮತ ಹಾಕುವ ಅಧಿಕಾರ ಇರುವುದಿಲ್ಲ. ಇಷ್ಟು ದೊಡ್ಡ ದೇಶ ಬಹಳ ಕಾಲ ಹಾಗೆ ನಡೆಯುವುದು ಕಷ್ಟ. ಆಹಾರದಿಂದ ಶುರುಮಾಡಿ, ಬೇರೆ ಸರಕಿಗೂ ವಿಸ್ತರಿಸಿ, ಕೊನೆಗೆ ಮತದ ಹಕ್ಕಿರುವ ಸದಸ್ಯತ್ವವನ್ನೇ ಕೇಳಬೇಕು ಎಂದು ನಾನು ಹೇಳುವುದು ಇದಕ್ಕೇ.

ಲಂಡನ್ನಿನಲ್ಲಿರುವ ನಮ್ಮ ಪರಿಚಯದ ಅಕ್ಕ ಒಬ್ಬರು ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವ ತಂಗಿಯ ಬಾಣಂತನಕ್ಕೆ ಮನೆಯಲ್ಲೇ ಕಾಯಿಸಿದ ತುಪ್ಪ ಕಳಿಸಬೇಕೆಂದಿದ್ದರು. ಪಾರ್ಸೆಲ್ ಮಾಡಬಹುದಾ ಎಂದು ನನ್ನನ್ನು ಕೇಳಿದರು. ಬೇಡಕ್ಕಾ, ಹಾಲಿನ ಪದಾರ್ಥ, ಅಲ್ಲಿ ತೆಗೆದು ಎಸೆದುಬಿಡುತ್ತಾರೆ ಎಂದೆ. ಅವರು ನಂಬಲಿಲ್ಲ, ಹೋದ ಸಲ ಕಳಿಸಿದ್ದೆನಲ್ಲ ಎಂದರು. ಆ ಹೋದ ಸಲ 2019.

ಚೀಸ್ ತಯಾರಕರು ಆ ರಾತ್ರಿಯ ನಂತರ ಇನ್ನೂ ಎರಡು ಸಲ ಕಳಿಸಿದರು, ಆಮೇಲೆ ನಿಲ್ಲಿಸಿದರು. ಅವರ ಪ್ಯಾರಿಸ್ ಗಿರಾಕಿ ಈಗ ಚೆಡ್ಡರ್ ಚೀಸನ್ನು ಐರ್ಲೆಂಡ್‌ನಿಂದ ತರಿಸುತ್ತಾರೆ. ಆಹಾರ ಒಪ್ಪಂದ ಜಾರಿಯಾದ ದಿನ ಮೊದಲ ಫೋನ್ ತಮಗೇ ಮಾಡಬೇಕು ಎಂದು ಹೇಳಿಟ್ಟಿದ್ದಾರೆ. ಅವರ ನಂಬರನ್ನು ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ.