ಎಷ್ಟು ಕರೆಂಟ್ ಎಳೆಯುತ್ತದೆ? ಸೆಲ್ ಕೊಳ್ಳುವ ಮೊದಲ ಪ್ರಶ್ನೆ

ಟಿವಿ ರಿಮೋಟಿನಲ್ಲಿ ವರ್ಷಗಟ್ಟಲೆ ಬಾಳುವ ಎಎ ಆಲ್ಕಲೈನ್ ಸೆಲ್ ಕ್ಯಾಮೆರಾ ಫ್ಲ್ಯಾಷಿನಲ್ಲಿ ಒಂದೇ ಸಮಾರಂಭಕ್ಕೆ ಸುಸ್ತಾಗುತ್ತದೆ. ಹೀಗಾದಾಗ ಹೆಚ್ಚಿನವರು ಸೆಲ್ಲನ್ನೇ ಬೈಯುತ್ತಾರೆ. ಕಾರಣ ಇರುವುದು ಅದರ ಒಳರೋಧದಲ್ಲಿ, ಅಂದರೆ ಕರೆಂಟಿಗೆ ಸೆಲ್ಲಿನ ಒಳಗೇ ಇರುವ ಅಡ್ಡಿಯಲ್ಲಿ. ಹೊಸ ಆಲ್ಕಲೈನ್ ಎಎಯಲ್ಲಿ ಅದು ಸುಮಾರು 0.15ರಿಂದ 0.3 ಓಮ್ ಇರುತ್ತದೆ, ಸೆಲ್ ಖಾಲಿಯಾದಂತೆ ಏರುತ್ತ ಹೋಗುತ್ತದೆ. ಉಪಕರಣ 1 ಆಂಪಿಯರ್ ಎಳೆದರೆ ಅಷ್ಟರಿಂದಲೇ 0.2 ವೋಲ್ಟಿನಷ್ಟು ಕುಸಿತ. ನಿಧಾನವಾಗಿ ಬಳಸಿದರೆ 2500 ಎಂಎಎಚ್ (ಮಿಲಿಆಂಪಿಯರ್-ಅವರ್, ಸೆಲ್ ಒಟ್ಟು ಕೊಡಬಲ್ಲ ಚಾರ್ಜಿನ ಅಳತೆ) ಕೊಡುವ ಸೆಲ್ ಈ ಹೊರೆಗೆ ಅದರ ಅರ್ಧವನ್ನೂ ಕೊಡುವುದಿಲ್ಲ. ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ಲಿನ ಒಳರೋಧ ಇದಕ್ಕಿಂತ ಬಹಳ ಕಡಿಮೆ. ಹಾಗಾಗಿ ಅದರ ಮೈಮೇಲೆ 2000 ಎಂಎಎಚ್ ಎಂದಷ್ಟೇ ಬರೆದಿದ್ದರೂ 1 ಆಂಪಿಯರಿಗೆ ಬಹುಪಾಲು ಕೈಗೆ ಸಿಗುತ್ತದೆ.

‘ರೀಚಾರ್ಜ್ ಸೆಲ್ ಬರೀ 1.2 ವೋಲ್ಟ್, ನಡೆಯುತ್ತದಾ?’ ಎಂಬ ಅನುಮಾನ ಸಹಜ. ಆಲ್ಕಲೈನ್ 1.5 ವೋಲ್ಟಿನಲ್ಲೇ ನಿಲ್ಲುವುದಿಲ್ಲ. 1.6ರಿಂದ ಶುರುವಾಗಿ ಇಳಿಜಾರಿನಂತೆ ಜಾರಿ, ಆಯುಷ್ಯದ ದೊಡ್ಡ ಭಾಗವನ್ನು 1.2ರ ಆಸುಪಾಸಿನಲ್ಲೇ ಕಳೆಯುತ್ತದೆ. ರೀಚಾರ್ಜ್ ಸೆಲ್ ಚಾರ್ಜರಿನಿಂದ ತೆಗೆದಾಗ 1.4 ತೋರಿಸಿ, ಬೇಗ 1.2–1.25ಕ್ಕೆ ಇಳಿದು, ಕೊನೆಯವರೆಗೂ ಅಲ್ಲೇ ಕೂತಿರುತ್ತದೆ. ಆಮೇಲೆ ದಿಢೀರನೆ ಬೀಳುತ್ತದೆ. ಈ ಸಪಾಟು ಗೆರೆಯಿಂದಲೇ ಉಪಕರಣದ ಬ್ಯಾಟರಿ ಸೂಚಕ ತಪ್ಪು ಹೇಳುವುದು. ಮೆನುವಿನಲ್ಲಿ ಸೆಲ್ಲಿನ ಬಗೆ ಆರಿಸುವ ಆಯ್ಕೆ ಇದ್ದರೆ ಮರೆಯದೆ ಬದಲಿಸಿ. ಮಲ್ಟಿಮೀಟರಿಗೂ ಇದೇ ತೊಂದರೆ: 1.25 ಕಂಡರೆ ಸೆಲ್ ಮುಕ್ಕಾಲು ತುಂಬಿರಬಹುದು, ಕಾಲು ಭಾಗವೂ ಇರಬಹುದು.

ನಾನು ಪಾಲಿಸುವ ಲೆಕ್ಕ ಇಷ್ಟು: ಎರಡು ತಿಂಗಳೊಳಗೆ ಸೆಲ್ ಮುಗಿಸುವ ಯಾವ ಉಪಕರಣಕ್ಕೂ ರೀಚಾರ್ಜ್ ಸೆಲ್ಲೇ ಸರಿ. ಟಾರ್ಚ್, ಫ್ಲ್ಯಾಷ್, ಗೇಮ್ ಕಂಟ್ರೋಲರ್, ವೈರ್‌ಲೆಸ್ ಮೈಕ್, ಆಟಿಕೆ ಎಲ್ಲ ಈ ಸಾಲಿಗೆ. ಗೋಡೆ ಗಡಿಯಾರಕ್ಕೆ ಆಲ್ಕಲೈನ್ ಸಾಕು. ಹೊಗೆ ಅಲಾರ್ಮಿಗೆ ಕೈಪಿಡಿ ಹೇಳಿದ್ದನ್ನು ಬಿಟ್ಟು ಬೇರೆ ಹಾಕಲೇಬೇಡಿ. ಚಳಿಪ್ರದೇಶಕ್ಕೆ ಒಯ್ಯುವ, ಇಲ್ಲವೇ ತುರ್ತಿಗೆಂದು ವರ್ಷಗಟ್ಟಲೆ ಎತ್ತಿಡುವ ಟಾರ್ಚಿಗೆ ಚಾರ್ಜ್ ಮಾಡಲಾಗದ 1.5 ವೋಲ್ಟ್ ಲಿಥಿಯಂ ಎಎ ಒಳ್ಳೆಯದು. ತೂಕ ಸುಮಾರು 15 ಗ್ರಾಂ, ಆಲ್ಕಲೈನಿನದು 23.

ರೀಚಾರ್ಜ್ ಸೆಲ್ ಕೊಳ್ಳುವಾಗ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಸುಮ್ಮನಿದ್ದಾಗ ತಾನಾಗಿ ಚಾರ್ಜ್ ಕಳೆದುಕೊಳ್ಳುವುದು ಕಡಿಮೆ ಇರುವ 2000 ಎಂಎಎಚ್ ಸೆಲ್, 2005ರಲ್ಲಿ ಸ್ಯಾನ್ಯೊ ತಂದ ಎನೆಲೂಪ್ ಬಗೆಯದು, ವರ್ಷ ಸುಮ್ಮನಿಟ್ಟರೂ ಹೆಚ್ಚಿನ ಚಾರ್ಜ್ ಉಳಿಸಿಕೊಳ್ಳುತ್ತದೆ. ಹಳೆಯ ಬಗೆಯವು ಕೆಲವೇ ತಿಂಗಳಲ್ಲಿ ತಾವಾಗಿ ಖಾಲಿ. 2500ರ ಸೆಲ್ಲುಗಳು ಸಾಮಾನ್ಯವಾಗಿ ಕಡಿಮೆ ಸಲ ಚಾರ್ಜ್ ಮಾಡುವುದರೊಳಗೇ ಸವೆದುಹೋಗುತ್ತವೆ.

ಸೆಲ್ ಹಾಳಾಗುವುದು ಹೆಚ್ಚಾಗಿ ಚಾರ್ಜರಿನಲ್ಲೇ. ಎರಡೆರಡನ್ನೇ ಜೊತೆಯಾಗಿ ತುಂಬಿಸುವ ಅಗ್ಗದ ಚಾರ್ಜರ್ ಒಂದನ್ನು ಅತಿಯಾಗಿ ಕಾಯಿಸಿ ಇನ್ನೊಂದನ್ನು ಅರೆಹೊಟ್ಟೆ ಬಿಡುತ್ತದೆ. ಪ್ರತಿ ಸೆಲ್ಲಿಗೂ ಬೇರೆ ಚಾನೆಲ್ ಇರಲಿ. 2000 ಎಂಎಎಚ್ ಎಎಗೆ 500–1000 ಮಿಲಿಆಂಪಿಯರ್ ಸೂಕ್ತ. ಸೆಲ್ ತುಂಬಿದಾಗ ವೋಲ್ಟೇಜ್ ಕೊಂಚ ಕೆಳಗಿಳಿಯುವುದನ್ನು ನೋಡಿ ಚಾರ್ಜರ್ ನಿಲ್ಲಬೇಕು. ಕರೆಂಟ್ ತೀರಾ ಕಡಿಮೆಯಾದರೆ ಆ ಇಳಿತವೇ ಅದಕ್ಕೆ ಕಾಣದೆ ತುಂಬಿಸುತ್ತಲೇ ಹೋಗುತ್ತದೆ.

ಹಳೆಯ ಸೆಲ್ಲಿನ ಜೊತೆ ಹೊಸದನ್ನು ಹಾಕಿದರೆ ಬಲಹೀನವಾದದ್ದು ಮೊದಲು ಖಾಲಿಯಾಗುತ್ತದೆ. ಉಳಿದವು ಅದರ ಮೂಲಕವೇ ಕರೆಂಟ್ ತಳ್ಳಿ ಧ್ರುವವನ್ನೇ ತಿರುಗಿಸುತ್ತವೆ. ಆಲ್ಕಲೈನ್ ಆಗಿದ್ದರೆ ಒಳಗೆ ಹೈಡ್ರೋಜನ್ ಒತ್ತಡ ಏರಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಬರುತ್ತದೆ; ಗಾಳಿ ಸೋಕಿ ಸ್ಪ್ರಿಂಗಿನ ಮೇಲೆ ಬೆಳ್ಳಗೆ ಹರಳುಗಟ್ಟುವುದು ಅದೇ. ಬೆಲೆಬಾಳುವ ಉಪಕರಣ ಕಡಿಮೆ ಕರೆಂಟಿನದ್ದಾದರೂ ನಾನು ರೀಚಾರ್ಜ್ ಸೆಲ್ ಹಾಕಿ ಎನ್ನುವುದು ಈ ಕಾರಣಕ್ಕೆ: ಅದು ಸೋರುವುದು ಅಪರೂಪ. ಸೋರಿದ್ದರೆ ಕೈಗವಸು ಹಾಕಿಕೊಂಡು, ಹತ್ತಿಕಡ್ಡಿಗೆ ವಿನೆಗರ್ ಸೋಕಿಸಿ ಪುಡಿಯನ್ನು ಕರಗಿಸಿ, ನಂತರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಹಿತ್ತಾಳೆ ಬಣ್ಣ ಕಾಣುವಷ್ಟು ಲೇಪ ತಿಂದುಹೋಗಿದ್ದರೆ ಸ್ಪ್ರಿಂಗನ್ನೇ ಬದಲಿಸಬೇಕು.

ಗಾತ್ರ ನೋಡಿ ಮೋಸಹೋಗಬೇಡಿ. 14500 ಲಿಥಿಯಂ-ಅಯಾನ್ ಸೆಲ್ ಎಎಯಷ್ಟೇ ಇದ್ದರೂ 3.7 ವೋಲ್ಟಿನದು, ಎಎ ಜಾಗಕ್ಕೆ ಹಾಕಿದರೆ ಸರ್ಕ್ಯೂಟ್ ಸುಟ್ಟೀತು. ಮಾಮೂಲಿ ರೀಚಾರ್ಜ್ ಸೆಲ್ಲನ್ನೂ ಬಿಡಿಯಾಗಿ ಬೀಗದ ಕೈಗಳ ಜೊತೆ ಜೇಬಿನಲ್ಲಿ ಹಾಕಿಕೊಳ್ಳಬೇಡಿ. ಒಳರೋಧ ಕಡಿಮೆ ಇರುವ ಗುಣವೇ ಅಲ್ಲಿ ಮುಳುವು: ಲೋಹ ತಾಗಿ ಶಾರ್ಟ್ ಆದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, 9 ವೋಲ್ಟ್ ಬ್ಯಾಟರಿಯ ಎರಡು ತುದಿಗೂ ಟೇಪ್ ಅಂಟಿಸಿ.