ಆ ಮಗು ಮಾಡದಿದ್ದರೆ ಏನು ನಿಲ್ಲುತ್ತದೆ?

ಶಿಡ್ಲಘಟ್ಟ ಕಡೆಯ ಹಳ್ಳಿಗಳಲ್ಲಿ ಪಾಠ ಮಾಡಿದವರಿಗೆ ಇದು ಗೊತ್ತಿರುತ್ತದೆ. ರೇಷ್ಮೆಹುಳು ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು. ಐದನೇ ಕ್ಲಾಸಿನ ಮಕ್ಕಳೂ ಕೈಜೋಡಿಸುತ್ತಾರೆ. ಅದಕ್ಕಾಗಿ ಶಾಲೆ ಬಿಡಿಸುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಿಷಯ ಗಮನಿಸಿ. ನಾವು ಬೇಜವಾಬ್ದಾರಿ ಹುಡುಗ ಅಂತ ತೀರ್ಮಾನಿಸಿದವನೇ ಮನೆಯಲ್ಲಿ ಸೊಪ್ಪಿನ ಹೊತ್ತನ್ನು ಮರೆಯುವುದಿಲ್ಲ. ಸೊಪ್ಪು ತಪ್ಪಿದರೆ ಹುಳು ಸೊರಗುತ್ತದೆ, ಗೂಡು ತೆಳ್ಳಗಾಗುತ್ತದೆ, ಮಾರ್ಕೆಟ್ಟಿನಲ್ಲಿ ಅಪ್ಪನಿಗೆ ರೇಟು ಸಿಗುವುದಿಲ್ಲ. ಅದನ್ನು ಅವನು ಕಣ್ಣಾರೆ ನೋಡಿದ್ದಾನೆ. ನಮ್ಮ ಕ್ಲಾಸಿನಲ್ಲಿ ಅವನು ಸುಮ್ನೆ ಕೂತರೂ ಏನೂ ನಿಲ್ಲುವುದಿಲ್ಲ.

ಮಕ್ಕಳಿಗೆ ಕೆಲಸ ಹಂಚುವಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಈ ಮಗು ಮಾಡದಿದ್ದರೆ ನಿಜವಾಗಿ ಏನಾದರೂ ನಿಲ್ಲುತ್ತದಾ? ನಿಲ್ಲದಿದ್ದರೆ ಅದು ಕೆಲಸವಲ್ಲ, ಬರೀ ಹೆಸರು.

ಶಾಲಾ ಸಂಸತ್ತನ್ನೇ ನೋಡಿ. ಜೂನ್, ಜುಲೈನಲ್ಲಿ ಚುನಾವಣೆ ಚೆನ್ನಾಗಿಯೇ ಆಗುತ್ತದೆ. ಪ್ರಧಾನಮಂತ್ರಿ, ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ ಎಲ್ಲರೂ ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಮತ ಹಾಕುವುದನ್ನು ಕಲಿಸಲು ಅದು ಒಳ್ಳೆಯ ದಾರಿ. ಆದರೆ ಅದಾದ ಮೇಲೆ ಆ ಮಕ್ಕಳಿಗೆ ದಿನಾ ಮಾಡುವ ಕೆಲಸ ಏನೂ ಇರುವುದಿಲ್ಲ. ಜೊತೆಗೆ, ಮಂತ್ರಿಯಾಗುವವರು ಆರೇಳು ಮಂದಿ. ಉಳಿದವರು ವರ್ಷವೆಲ್ಲ ನೋಡುತ್ತಾ ಕೂರಬೇಕು.

ಕ್ಲಾಸ್ ಲೀಡರ್ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಗಟ್ಟಿ. ಮೇಷ್ಟ್ರು ಆಫೀಸಿಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು, ಕೆಲವು ಕಡೆ ಕೈಗೆ ಕೋಲು ಕೊಡುವುದು. ಇದನ್ನು ಇವತ್ತೇ ನಿಲ್ಲಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನಾವು ಮಾಡಬಾರದ್ದನ್ನು ಹತ್ತು ವರ್ಷದ ಮಗುವಿನ ಕೈಯಲ್ಲಿ ಮಾಡಿಸುವುದು ಹೇಗೆ ಸರಿ? ಮಕ್ಕಳಿಗೆ ವಸ್ತುಗಳ ಜವಾಬ್ದಾರಿ ಕೊಡಿ, ಹೊತ್ತಿನ ಜವಾಬ್ದಾರಿ ಕೊಡಿ, ಲೆಕ್ಕದ ಜವಾಬ್ದಾರಿ ಕೊಡಿ. ಇನ್ನೊಂದು ಮಗುವನ್ನು ಕಾಯುವ ಪೊಲೀಸ್ ಕೆಲಸ ಬೇಡ.

ನನಗೆ ಅತ್ಯಂತ ಇಷ್ಟವಾದ ಕೆಲಸ ಊಟದ ಚೀಟಿ. ಬೆಳಗ್ಗೆ ಹಾಜರಿ ಆದ ಮೇಲೆ ಎಷ್ಟು ಮಕ್ಕಳು ಬಂದಿದ್ದಾರೆ ಅಂತ ಅಡುಗೆ ಅಕ್ಕನಿಗೆ ಹೇಳಬೇಕಲ್ವಾ? ಅದನ್ನು ಇಬ್ಬರು ಮಕ್ಕಳಿಗೆ ಬಿಡಿ. ಅಕ್ಷರ ದಾಸೋಹದಲ್ಲಿ, ಅಂದರೆ ಶಾಲೆಯ ಬಿಸಿಯೂಟದಲ್ಲಿ, ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರಿಗೆ 150 ಗ್ರಾಂ. ಇವತ್ತು ಚಿಕ್ಕವರು 23, ದೊಡ್ಡವರು 18. ಅಂದರೆ 2 ಕೆ.ಜಿ. 300 ಗ್ರಾಂ ಮತ್ತು 2 ಕೆ.ಜಿ. 700 ಗ್ರಾಂ, ಒಟ್ಟು ಸರಿಯಾಗಿ 5 ಕೆ.ಜಿ. ಅಕ್ಕಿ. ಗ್ರಾಂ, ಕೆ.ಜಿ. ಪಾಠವನ್ನು ಬೋರ್ಡಿನ ಮೇಲೆ ಎಷ್ಟು ಸಲ ಮಾಡಿದರೂ ತಲೆಗೆ ಹೋಗದ ಮಗು ಇಲ್ಲಿ ಕಲಿಯುತ್ತದೆ. ಲೆಕ್ಕ ತಪ್ಪಿದರೆ ಗೆಳೆಯನ ತಟ್ಟೆಗೆ ಕಡಿಮೆ ಬೀಳುತ್ತದೆ ಅಂತ ಅದಕ್ಕೆ ಗೊತ್ತು. ಒಂದು ಎಚ್ಚರಿಕೆ: ಈ ಚೀಟಿಯನ್ನು ಮೇಷ್ಟ್ರು ನೋಡಿ ಸಹಿ ಹಾಕಿದ ಮೇಲೆಯೇ ಅಡುಗೆಮನೆಗೆ ಹೋಗಬೇಕು. ಗಿಡಕ್ಕೆ ನೀರು ಮರೆತರೆ ಗಿಡ ಬಾಡಲಿ, ನಾಳೆ ಅವರೇ ನೋಡಿ ಕಲಿಯುತ್ತಾರೆ. ಊಟದ ವಿಷಯದಲ್ಲಿ ಹಾಗೆ ಬಿಡುವಂತಿಲ್ಲ.

ನಮ್ಮ ಕಡೆ ಇದರಿಂದ ಇನ್ನೊಂದು ಲಾಭವಿದೆ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಪಾಠದಲ್ಲಿ ಕನ್ನಡ ಕೇಳುತ್ತಾರೆ, ಆದರೆ ಆಡುವ ಅಗತ್ಯವೇ ಬೀಳುವುದಿಲ್ಲ. ಚೀಟಿ ಕನ್ನಡದಲ್ಲಿ ಬರೆಯಬೇಕು. ಪ್ರಾರ್ಥನೆ ಹೊತ್ತಿಗೆ ಪೇಪರಿನ ಎರಡು ಸುದ್ದಿ ಓದಬೇಕು. ಓದುವ ಮೂಲೆಯ ವಹಿಯಲ್ಲಿ ಯಾರು ಯಾವ ಪುಸ್ತಕ ಒಯ್ದರು ಅಂತ ಬರೆಯಬೇಕು. ಆಗ ಭಾಷೆ ಬೇಕೇ ಬೇಕಾಗುತ್ತದೆ. ಅಡುಗೆ ಅಕ್ಕನ ಜೊತೆ ಅವರು ತೆಲುಗಿನಲ್ಲೇ ಮಾತಾಡಲಿ, ತಡೆಯಬೇಡಿ.

ಇನ್ನು ಮಕ್ಕಳಿಗೆ ಕೊಡಲೇಬಾರದ ಕೆಲಸಗಳು. ಮೇಷ್ಟ್ರ ಟಿಫನ್ ಬಾಕ್ಸ್ ತೊಳೆಯುವುದು, ಬೈಕ್ ಒರೆಸುವುದು, ಅಂಗಡಿಯಿಂದ ಟೀ ತರುವುದು ಜವಾಬ್ದಾರಿಯಲ್ಲ, ಚಾಕರಿ. ಶೌಚಾಲಯ ತೊಳೆಸುವುದಂತೂ ಯಾವ ಕಾರಣಕ್ಕೂ ಕೂಡದು. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ರಾಜ್ಯಕ್ಕೆಲ್ಲ ಗೊತ್ತಾಯಿತು. ನಮ್ಮದೇ ಸೀಮೆಯಲ್ಲಿ ನಡೆದದ್ದು. ಆ ಸುದ್ದಿ ಓದಿದ ದಿನದ ಸಂಕಟ ನನಗೆ ಇನ್ನೂ ಹೋಗಿಲ್ಲ.

ಅಷ್ಟು ದೊಡ್ಡದಲ್ಲದ, ಆದರೆ ದಿನಾ ನಡೆಯುವ ತಪ್ಪೂ ಇದೆ. ಕಸ ಗುಡಿಸಿ ರಂಗೋಲಿ ಹಾಕಲು ಹುಡುಗಿಯರು, ಗಂಟೆ ಹೊಡೆಯಲು, ಮೈಕ್ ಹಿಡಿಯಲು ಹುಡುಗರು. ಕುಡಿಯುವ ನೀರು ತುಂಬುವವರು ಯಾರು, ಅಂಗಳ ಗುಡಿಸುವವರು ಯಾರು ಅಂತ ಒಂದು ತಿಂಗಳು ಬರೆದಿಟ್ಟು ನೋಡಿ. ಊರಿನ ಕೇರಿಗಳೇ ಅಲ್ಲಿ ಕಾಣಿಸಬಹುದು. ‘ಯಾರು ಮಾಡ್ತೀರಾ?’ ಅಂತ ಕೇಳಿದರೆ ಇದು ಬದಲಾಗುವುದಿಲ್ಲ, ಕೈ ಎತ್ತುವವರು ಯಾವಾಗಲೂ ಅವರೇ. ಹಾಜರಿ ಪುಸ್ತಕದ ಕ್ರಮದಲ್ಲಿ ಪಟ್ಟಿ ಮಾಡಿ ಗೋಡೆಗೆ ಹಾಕಿ. ಎಲ್ಲ ಕೆಲಸವೂ ಎಲ್ಲರ ಪಾಲಿಗೆ ಬರಲಿ. ಮೇಷ್ಟ್ರ ಹೆಸರೂ ಅದರಲ್ಲಿ ಇರಲಿ. ‘ಮೇಡಂ, ನಮ್ ಹುಡುಗನ್ನ ಓದ್ಸಕ್ಕೆ ಕಳ್ಸಿದ್ದೀವಿ, ಗುಡಿಸಕ್ಕಲ್ಲ’ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳುವ ತಾಯಿಗೆ ಆ ಪಟ್ಟಿಯೇ ಉತ್ತರ. ಪೊರಕೆ ಪಾಳಿಯಲ್ಲಿ ನನ್ನ ಹೆಸರೂ ಇದೆ ಎಂದು ತೋರಿಸಬಹುದು.

ಒಂದು ಪಾಳಿಗೆ ಒಂದೇ ವಾರ ಸಾಲದು. ಮೊದಲ ವಾರ ಕಲಿಯುವುದರಲ್ಲೇ ಹೋಗುತ್ತದೆ. ಎರಡು ವಾರ ಇರಲಿ. ಕೊನೆಯ ಶನಿವಾರ ಹಳಬರು ಹೊಸಬರಿಗೆ ಕೆಲಸ ಒಪ್ಪಿಸಿಕೊಡಬೇಕು: ಗಂಟೆ ಯಾವ ಹೊತ್ತಿಗೆ, ಗಡಿಯಾರ ಓದುವುದು ಹೇಗೆ, ವಹಿ ಎಲ್ಲಿದೆ. ಮಕ್ಕಳು ಮಕ್ಕಳಿಗೆ ಹೇಳಿಕೊಟ್ಟದ್ದು ಚೆನ್ನಾಗಿ ನಿಲ್ಲುತ್ತದೆ. ಮಕ್ಕಳು ಗುಂಪಿನಲ್ಲಿ ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ತರಗತಿಗಳಲ್ಲಿ ಪಾಠ ಮಾಡಿದವರಿಗೆ ಇದು ಹೊಸದೇನಲ್ಲ. ಸ್ಟಾರ್, ಮಾರ್ಕ್ಸ್ ಯಾವುದೂ ಬೇಡ. ‘ನೀನು ಬರೆದ ಚೀಟಿ ಸರಿಯಾಗಿತ್ತು’ ಅನ್ನಿ, ಸಾಕು.

ಕಷ್ಟವಾಗುವುದು ನಮಗೇ. ಗಂಟೆ ಐದು ನಿಮಿಷ ತಡವಾದಾಗ ಎದ್ದು ಹೋಗಿ ನಾವೇ ಹೊಡೆಯುವ ಆಸೆ ಆಗುತ್ತದೆ. ಹೊಡೆದರೆ ನಾಳೆಯಿಂದ ಆ ಮಗು ನಮ್ಮ ಮುಖ ನೋಡುತ್ತಾ ಕೂರುತ್ತದೆ. ಆದ್ದರಿಂದ ಮೊದಲ ತಿಂಗಳು ಮೂರೇ ಕೆಲಸ ಸಾಕು: ಗಂಟೆ, ಊಟದ ಚೀಟಿ, ಪುಸ್ತಕದ ವಹಿ. ಅವು ನಮ್ಮ ಕೈ ತಾಗದೆ ನಡೆಯತೊಡಗಿದ ಮೇಲೆ, ಇನ್ನೂ ಏನೇನು ಕೆಲಸ ಬಾಕಿ ಇದೆ ಅಂತ ಮಕ್ಕಳನ್ನೇ ಕೇಳಿ.