ಅನುಭವ ಇಲ್ಲ, ಲೆಕ್ಕವೂ ಅಷ್ಟಕ್ಕಷ್ಟೇ. ಕ್ಯಾಷಿಯರ್ ಕೆಲಸ ಸಿಗುತ್ತಾ?

ಓದುಗರ ಪ್ರಶ್ನೆ: "ನಾನು ಈವರೆಗೆ ಎಲ್ಲೂ ಕೆಲಸ ಮಾಡಿಲ್ಲ. ಶಾಲೆಯಲ್ಲಿ ಗಣಿತ ಅಂದರೆ ಹೆದರಿಕೆ. ಕ್ಯಾಷಿಯರ್ ಕೆಲಸಕ್ಕೆ ಅರ್ಜಿ ಹಾಕಬೇಕು ಅಂತಿದ್ದೇನೆ. ನನ್ನಂಥವರನ್ನು ಯಾರಾದರೂ ತಗೋತಾರಾ? ಸಂಜೆ ದುಡ್ಡು ಕಡಿಮೆ ಬಂದರೆ ಕೈಯಿಂದ ಕಟ್ಟಬೇಕಾ?"

ಉತ್ತರ: ತಗೋತಾರೆ. ಕ್ಯಾಷ್ ಕೌಂಟರಿಗೆ ಬರುವ ಮುಂಚೆ ನನಗೂ ಇದೇ ಭಯ ಇತ್ತು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಬಿಲ್ ಕೂಡುವುದು, ತೆರಿಗೆ ಸೇರಿಸುವುದು, ಎಷ್ಟು ವಾಪಸ್ ಕೊಡಬೇಕು ಅಂತ ತೋರಿಸುವುದು, ಎಲ್ಲ ಮೆಷೀನೇ ಮಾಡುತ್ತದೆ. ಸ್ಕ್ಯಾನ್ ಆಗದ ಬಾರ್‌ಕೋಡನ್ನು ಕೈಯಲ್ಲಿ ಒತ್ತುವಾಗ ತಪ್ಪಾದರೆ ಅಂತಲೂ ಹೆದರಬೇಡಿ. ಆ 13 ಅಂಕಿಗಳಲ್ಲಿ ಕೊನೆಯದು ಇರುವುದೇ ಮಿಕ್ಕ ಹನ್ನೆರಡನ್ನು ಪರೀಕ್ಷಿಸಲು. ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ, ಮೆಷೀನ್ ಒಪ್ಪುವುದಿಲ್ಲ.

ಆದರೆ ಗಿರಾಕಿ ಕೊಟ್ಟ ನೋಟು ಯಾವುದು, ನೀವು ವಾಪಸ್ ಕೊಟ್ಟಿದ್ದೆಷ್ಟು ಅನ್ನುವುದು ಮೆಷೀನಿಗೆ ಕಾಣಿಸುವುದಿಲ್ಲ. ಅದನ್ನು ನೋಡಬೇಕಾದವರು ನೀವು. ಅದಕ್ಕೆ ಪ್ರತಿ ಸಲವೂ ಒಂದೇ ಥರ ಕೆಲಸ ಮಾಡುವ ಕೈ ಇದ್ದರೆ ಸಾಕು.

ಇದನ್ನು ನಾನು ಕಲಿತದ್ದು ಎರಡನೇ ವಾರದಲ್ಲಿ. ಒಬ್ಬರು ನೋಟು ಕೊಟ್ಟರು. ನಾನು ಅದನ್ನು ಸೀದಾ ಗಲ್ಲಾಕ್ಕೆ ಹಾಕಿ ಚಿಲ್ಲರೆ ಕೊಟ್ಟೆ. "ನಾನು ಕೊಟ್ಟದ್ದು ನೂರರ ನೋಟು, ನೀವು ಐವತ್ತಕ್ಕೆ ಲೆಕ್ಕ ಹಾಕಿದ್ದೀರಿ" ಅಂದರು. ಇಲ್ಲ, ಐವತ್ತೇ ಕೊಟ್ಟಿದ್ದು ಅಂತ ನನಗೆ ಖಂಡಿತ ಅನಿಸಿತ್ತು. ಆದರೆ ತೋರಿಸುವುದಕ್ಕೆ ನೋಟು ಎಲ್ಲಿದೆ? ಮಿಕ್ಕ ನೋಟುಗಳ ಜೊತೆ ಸೇರಿಹೋಗಿತ್ತು. ಸೂಪರ್‌ವೈಸರ್ ಬಂದು ಇಡೀ ಗಲ್ಲಾ ಎಣಿಸಿದರು. ಅಷ್ಟು ಹೊತ್ತೂ ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಗಲ್ಲಾದಲ್ಲಿ ಐವತ್ತು ಜಾಸ್ತಿ ಇತ್ತು. ಗಿರಾಕಿ ಹೇಳಿದ್ದೇ ಸರಿ. ಅವರ ಕ್ಷಮೆ ಕೇಳಿ ಐವತ್ತು ಕೊಟ್ಟೆ. ಆಮೇಲೆ ಕೈ ನಡುಗೋದು ನಿಲ್ಲಲು ಅರ್ಧ ಗಂಟೆ ಬೇಕಾಯಿತು.

ಅವತ್ತಿನಿಂದ ನೋಟು ಬಂದ ತಕ್ಷಣ ಒಳಗೆ ಹಾಕುವುದನ್ನು ಬಿಟ್ಟೆ. "ನೂರು ಕೊಟ್ಟಿದ್ದೀರಿ" ಅಂತ ಬಾಯಿಬಿಟ್ಟು ಹೇಳಬೇಕು. ನೋಟನ್ನು ಗಲ್ಲಾದ ಖಾನೆಗಳ ಮೇಲೆ ಅಡ್ಡಲಾಗಿ, ಇಬ್ಬರಿಗೂ ಕಾಣುವ ಹಾಗೆ ಇಡಬೇಕು. ಚಿಲ್ಲರೆ ಅವರ ಕೈ ಸೇರಿದ ಮೇಲೇ ಅದನ್ನು ಒಳಗೆ ಹಾಕಬೇಕು. ಮಧ್ಯೆ ಯಾರಾದರೂ "ಆ ನೋಟು ವಾಪಸ್ ಕೊಡಿ, ಬೇರೆ ಕೊಡ್ತೀನಿ, ಇದಕ್ಕೆ ಚಿಲ್ಲರೆ ಮುರಿದು ಕೊಡಿ" ಅಂತ ಎರಡು ಮೂರು ವ್ಯವಹಾರ ಬೆರೆಸಿದರೆ, ಮೊದಲನೆಯದನ್ನು ಪೂರ್ತಿ ಮುಗಿಸಿ, ಗಲ್ಲಾ ಮುಚ್ಚಿ. ಆಮೇಲೆ ಎರಡನೆಯದು. ಕ್ಯಾಷಿಯರನ್ನು ಮೋಸಗೊಳಿಸುವವರು ಬಳಸುವುದೇ ಈ ಗಡಿಬಿಡಿಯನ್ನು.

ಚಿಲ್ಲರೆ ಕೊಡುವುದಕ್ಕೆ ಕಳೆಯುವ ಲೆಕ್ಕವೂ ಬೇಡ. ಬಿಲ್ಲಿನಿಂದ ಶುರು ಮಾಡಿ ಮೇಲಕ್ಕೆ ಎಣಿಸುತ್ತಾ ಹೋಗಿ. ಬಿಲ್ 73, ಕೊಟ್ಟದ್ದು 100 ಅಂದುಕೊಳ್ಳಿ. ಎರಡು ಇಡಿ, "ಎಪ್ಪತ್ತೈದು". ಐದು ಇಡಿ, "ಎಂಬತ್ತು". ಇಪ್ಪತ್ತು ಇಡಿ, "ನೂರು". ಮುಗಿಯಿತು. ನೀವು ಎಣಿಸಿದ್ದನ್ನು ಗಿರಾಕಿಯೂ ಜೊತೆಗೇ ಎಣಿಸಿರುತ್ತಾರೆ. ಕರೆಂಟ್ ಹೋಗಿ ಪರದೆ ಕಪ್ಪಾದಾಗ ನನ್ನನ್ನು ಕಾಪಾಡಿದ್ದು ಇದೇ. ಮನೆಯಲ್ಲಿ ಒಂದು ಡಬ್ಬಿ ನಾಣ್ಯ ಇಟ್ಟುಕೊಂಡು ಎರಡು ಸಂಜೆ ಅಭ್ಯಾಸ ಮಾಡಿ ನೋಡಿ, ಕೈಗೆ ತಾನಾಗೇ ಬರುತ್ತದೆ.

ಈಗ ನಿಮ್ಮ ನಿಜವಾದ ಭಯಕ್ಕೆ ಬರೋಣ. ಸಂಜೆ ಲೆಕ್ಕ ತಾಳೆ ಆಗದಿದ್ದರೆ?

ಬೆಳಿಗ್ಗೆ ಕೊಟ್ಟ ಚಿಲ್ಲರೆ ಹಣ, ಅದಕ್ಕೆ ದಿನದ ನಗದು ವ್ಯಾಪಾರ ಕೂಡಿ, ಸಾಮಾನು ಹಿಂದಿರುಗಿಸಿದವರಿಗೆ ವಾಪಸ್ ಕೊಟ್ಟ ಹಣ ಮತ್ತು ಮಧ್ಯೆ ಆಫೀಸಿಗೆ ಕಳಿಸಿದ್ದನ್ನು ಕಳೆದರೆ ಎಷ್ಟೋ ಅಷ್ಟು ಗಲ್ಲಾದಲ್ಲಿ ಇರಬೇಕು. ಇಲ್ಲದಿದ್ದರೆ ಗಾಬರಿಯಾಗದೆ ವ್ಯತ್ಯಾಸದ ಅಂಕಿಯನ್ನೇ ನೋಡಿ. ಎಷ್ಟೋ ಸಲ ಅದೇ ಬಾಯಿಬಿಡುತ್ತದೆ.

ವ್ಯತ್ಯಾಸ ಒಂಬತ್ತರಿಂದ ಭಾಗ ಹೋಗುತ್ತದಾ? ಹಾಗಿದ್ದರೆ ಬರೆಯುವಾಗ ಅಂಕಿ ತಿರುಗಿರಬಹುದು. 63 ಬರೆಯುವ ಕಡೆ 36 ಬರೆದರೆ ವ್ಯತ್ಯಾಸ 27. ಪಕ್ಕಪಕ್ಕದ ಯಾವ ಎರಡು ಅಂಕಿ ಅದಲುಬದಲಾದರೂ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. ಸೊನ್ನೆ ಬಿಟ್ಟುಹೋದರೂ ಅಷ್ಟೇ. 200 ಇದ್ದದ್ದು 20 ಆದರೆ ವ್ಯತ್ಯಾಸ 180, ಅದೂ ಒಂಬತ್ತರ ಮಗ್ಗಿ. ಅಂಥ ದಿನ ದುಡ್ಡು ಎಲ್ಲೂ ಹೋಗಿಲ್ಲದಿರಬಹುದು, ತಪ್ಪು ಕಾಗದದ ಮೇಲೇ ಇರುತ್ತದೆ. ಮೊದಲು ಹಾಳೆ ನೋಡಿ, ಆಮೇಲೆ ನೋಟು ಎಣಿಸಿ.

ಕಡಿಮೆ ಬಂದದ್ದು ಸರಿಯಾಗಿ ಒಂದು ಬಿಲ್ಲಿನಷ್ಟೇ ಇದೆಯಾ? ಕಾರ್ಡಿನಲ್ಲಿ ಕಟ್ಟಿದ ಬಿಲ್ಲನ್ನು ನಗದು ಅಂತ ಒತ್ತಿರುವ ಸಾಧ್ಯತೆ ಜಾಸ್ತಿ. ಕಾರ್ಡ್ ಮೆಷೀನಿನ ಪಟ್ಟಿ ತೆಗೆದು ಹೋಲಿಸಿದರೆ ಸಿಕ್ಕಿಬೀಳುತ್ತದೆ. ಇನ್ನು ಹೊಸ ನೋಟುಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಹೊಸ ಕಟ್ಟು ಬಿಚ್ಚಿದಾಗ ಒಂದೊಂದನ್ನೂ ಬೆರಳಿನಲ್ಲಿ ಸ್ವಲ್ಪ ಮಡಚಿ, ಸರಸರ ಸದ್ದು ಕೇಳಿಸಿಕೊಂಡು ಕೊಡಿ.

ಇಷ್ಟೆಲ್ಲ ಹುಡುಕಿಯೂ ಕಡಿಮೆ ಇದ್ದರೆ ಹಾಗೇ ಬರೆದು ಮೇಲಿನವರಿಗೆ ಹೇಳಿ. ದಯವಿಟ್ಟು ಜೇಬಿನಿಂದ ಹಾಕಿ ಸರಿ ಮಾಡಬೇಡಿ. ಜಾಸ್ತಿ ಬಂದರೂ ಹೇಳಿ, ನಾಳೆ ಕಡಿಮೆ ಬಂದಾಗ ತುಂಬೋಣ ಅಂತ ಎತ್ತಿಡಬೇಡಿ. ಎರಡೂ ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸ, ಗೊತ್ತು. ಆದರೆ ಒಂದು ಸಲ ಹಾಗೆ ಮಾಡಿದರೆ ನಿಮ್ಮ ಲೆಕ್ಕದ ಹಾಳೆ ಸುಳ್ಳು ಹೇಳಲು ಶುರು ಮಾಡುತ್ತದೆ. ಮುಂದೆ ನಿಜವಾಗಿ ಏನಾದರೂ ಆದಾಗ ನಿಮ್ಮ ಪರವಾಗಿ ಮಾತಾಡಲು ಅದಕ್ಕೆ ಬಾಯಿ ಇರುವುದಿಲ್ಲ.

ಬಿಲ್ ಹಾಕುವ ಈ ಮೆಷೀನ್, ಅಂದರೆ ಕ್ಯಾಷ್ ರಿಜಿಸ್ಟರ್, ಹುಟ್ಟಿದ್ದೇ ಅನುಮಾನದಿಂದ. ಅಮೆರಿಕದ ಓಹಾಯೋದಲ್ಲಿ ಜೇಮ್ಸ್ ರಿಟ್ಟಿ ಅನ್ನುವ ಮದ್ಯದಂಗಡಿ ಮಾಲೀಕ, ಕೆಲಸದವರು ದುಡ್ಡು ಎತ್ತುತ್ತಾರೆ ಅಂತ ತಲೆ ಕೆಡಿಸಿಕೊಂಡಿದ್ದರು. ಒಮ್ಮೆ ಹಡಗಿನಲ್ಲಿ ಹೋಗುವಾಗ ಪ್ರೊಪೆಲ್ಲರ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸುವ ಯಂತ್ರ ಕಣ್ಣಿಗೆ ಬಿತ್ತಂತೆ. ಸುತ್ತು ಎಣಿಸಬಹುದಾದರೆ ವ್ಯಾಪಾರ ಯಾಕೆ ಎಣಿಸಬಾರದು ಅಂತ ಹೊಳೆದು, ಸಹೋದರನ ಜೊತೆ ಸೇರಿ 1879ರಲ್ಲಿ ಪೇಟೆಂಟ್ ಪಡೆದರು. ನೌಕರರನ್ನು ಕಾಯಲು ಮಾಡಿದ ಯಂತ್ರ ಅದು. ಆದರೆ ನನ್ನ ಅನುಭವದಲ್ಲಿ ಅದು ಪ್ರಾಮಾಣಿಕವಾಗಿ ದುಡಿಯುವವರ ಸಾಕ್ಷಿಯೂ ಹೌದು. ಅದಕ್ಕೇ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. "ಎರಡು ನಿಮಿಷ ಕೂತಿರ್ತೀನಿ" ಅಂತ ಸ್ನೇಹಿತರು ಬಂದರೂ ನಿಮ್ಮ ಲಾಗಿನ್ ಮುಚ್ಚಿ, ಗಲ್ಲಾಕ್ಕೆ ಬೀಗ ಹಾಕಿ ಏಳಿ. ಒಂದೇ ಗಲ್ಲಾದಲ್ಲಿ ಇಬ್ಬರ ಕೈ ಆಡಿದ ಮೇಲೆ ತಪ್ಪು ಯಾರದ್ದು ಅಂತ ಹೇಳುವುದು ಯಾರಿಂದಲೂ ಆಗದು.

ಕೈಯಿಂದ ಕಟ್ಟಬೇಕಾ ಅನ್ನುವುದಕ್ಕೆ ಎಲ್ಲ ಕಡೆಗೂ ಒಂದೇ ಉತ್ತರ ಇಲ್ಲ. ಬ್ರಿಟನ್‌ನಲ್ಲಿ 1996ರ ಕಾಯ್ದೆ ಪ್ರಕಾರ, ಅಂಗಡಿ ನೌಕರರ ಗಲ್ಲಾ ಕಡಿಮೆ ಬಂದದ್ದಕ್ಕೆ ಒಂದು ಸಂಬಳದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಈ ಮಿತಿ ಇಲ್ಲದಿರುವುದು ಕೆಲಸ ಬಿಡುವಾಗಿನ ಕೊನೆಯ ಸಂಬಳಕ್ಕೆ ಮಾತ್ರ. ಅಮೆರಿಕದ ಕೇಂದ್ರ ಕಾನೂನಿನಲ್ಲಿ, ಹಾಗೆ ಹಿಡಿದದ್ದರಿಂದ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಬಾರದು. ನೀವು ಸೇರುವ ಕಡೆ ನಿಯಮ ಏನು ಅಂತ ಸೇರುವ ದಿನವೇ ಕೇಳಿ, ಕರಾರಿನಲ್ಲಿ ಓದಿ. ಕೇಳುವುದರಲ್ಲಿ ಸಂಕೋಚ ಬೇಡ. ಹೀಗೆ ಕೇಳುವವರನ್ನು ಒಳ್ಳೆಯ ಮಾಲೀಕರು ಇಷ್ಟಪಡುತ್ತಾರೆ.

ಕೆಲಸ ಹುಡುಕುವುದು ಹೇಗೆ? ಅಂಗಡಿಗೆ ನೇರ ಹೋಗಿ ಕೇಳುವುದು ಈಗಲೂ ನಡೆಯುತ್ತದೆ, ಆದರೆ ಜನ ಇಲ್ಲದ ಹೊತ್ತಿಗೆ ಹೋಗಿ. ಸಾಲು ನಿಂತಿರುವಾಗ ಹೋದರೆ ಮ್ಯಾನೇಜರಿಗೆ ನಿಮ್ಮ ಮುಖವೂ ನೆನಪಿರುವುದಿಲ್ಲ. ವ್ಯಾಪಾರ ಜೋರಾಗುವ ದಿನಗಳಿಗೆ ಒಂದೆರಡು ತಿಂಗಳು ಮುಂಚೆ ತಾತ್ಕಾಲಿಕ ಕೆಲಸಗಾರರನ್ನು ತೆಗೆದುಕೊಳ್ಳುತ್ತಾರೆ. ಅನುಭವ ಇಲ್ಲದವರಿಗೆ ಅದೇ ಸುಲಭದ ಬಾಗಿಲು. ಸಂಘದ ಚಂದಾ ಲೆಕ್ಕ ಇಟ್ಟಿದ್ದರೆ, ಕಾರ್ಯಕ್ರಮದ ಟಿಕೆಟ್ ಮಾರಿದ್ದರೆ, ಅದನ್ನು ಅರ್ಜಿಯಲ್ಲಿ ಬರೆಯಿರಿ. ಬೇರೆಯವರ ದುಡ್ಡು ಹಿಡಿದು ಲೆಕ್ಕ ಒಪ್ಪಿಸಿದ್ದೂ ಅನುಭವವೇ ಅಲ್ವಾ? ವಾರದ ರಜೆ ದಿನಗಳಲ್ಲಿ, ಸಂಜೆ ಪಾಳಿಯಲ್ಲಿ ಬರಲು ಆಗುತ್ತದಾದರೆ ಅದನ್ನು ಮೇಲೆಯೇ ಬರೆಯಿರಿ. ಅವರಿಗೆ ಜನ ಸಾಲದೆ ಬರುವುದು ಆಗಲೇ. ಕೆಲಸ ಕೊಡಿಸಲು ಮೊದಲೇ ದುಡ್ಡು ಕೇಳುವವರಿಂದ ದೂರ ಇರಿ.

ಸಂದರ್ಶನದಲ್ಲಿ "ಗಲ್ಲಾ ಕಡಿಮೆ ಬಂದರೆ ಏನು ಮಾಡ್ತೀರಿ?" ಅಂತ ಕೇಳಬಹುದು. ಉತ್ತರ ನಿಮಗೆ ಈಗಾಗಲೇ ಗೊತ್ತು. ಇನ್ನೊಂದು, "ಗಿರಾಕಿ ಕೂಗಾಡಿದರೆ?" ಅದಕ್ಕೆ ನಾನು ಹೇಳುವುದು ಇಷ್ಟೇ: ಅವರ ಮಾತು ಮುಗಿಯಲು ಬಿಡುತ್ತೇನೆ, ನನ್ನ ಕೈಯಲ್ಲಿ ಆಗುವುದನ್ನು ಮಾಡುತ್ತೇನೆ, ಆಗದಿದ್ದರೆ ಸೂಪರ್‌ವೈಸರನ್ನು ಕರೆಯುತ್ತೇನೆ. ಸುಮ್ನೆ ದೊಡ್ಡ ಮಾತು ಬೇಡ.

ಕೆಲಸ ಸಿಕ್ಕ ಮೇಲೆ ಒಳ್ಳೆಯ ಚಪ್ಪಲಿಗೋ ಶೂಗೋ ಖರ್ಚು ಮಾಡಿ. ಇಡೀ ಪಾಳಿ ನಿಂತೇ ಇರಬೇಕಾಗಬಹುದು, ಮೊದಲು ಸೋಲುವುದು ಕಾಲು. ಭಾರದ ಸಾಮಾನನ್ನು ಎತ್ತದೆ ಜಾರಿಸಿ ಸ್ಕ್ಯಾನ್ ಮಾಡಿ, ಮಣಿಕಟ್ಟು ಉಳಿಯುತ್ತದೆ.

ಮೊದಲ ದಿನ ಗಲ್ಲಾ ನಿಮ್ಮ ಕೈಗೆ ಕೊಡುವವರು "ಎಲ್ಲ ಸರಿ ಇದೆ, ಎಣಿಸಿದ್ದೀನಿ, ಸಹಿ ಹಾಕಿ" ಅನ್ನುತ್ತಾರೆ. ನಗುತ್ತಾ, ಅವರ ಎದುರಿಗೇ, ಇನ್ನೊಂದು ಸಲ ಎಣಿಸಿ. ಆಮೇಲೆ ಸಹಿ ಹಾಕಿ.